ಕರಿ ಎರಡು ಮನಿ, ಹೊಡಿ

ಮಗ್ಗದ ಮುಂದೆ ಆಡುವ ಮಾತನ್ನು ನಮ್ಮ ಮನೆಯಲ್ಲಿ ಮಾತು ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದೂ ಮಾತೇ ಎಂದು ನನಗೆ ಮೊದಲ ಸಲ ತಿಳಿಸಿದವನು ಫೋನಿನೊಳಗಿನ ಒಬ್ಬ ಗಂಡಸು. ಯಾವ ಊರಿನವನೋ, ಎಷ್ಟು ವಯಸ್ಸಿನವನೋ ಇವತ್ತಿಗೂ ಗೊತ್ತಿಲ್ಲ. ಅವನು ಅಷ್ಟು ಹೇಳಿದ್ದಕ್ಕೆ ನನ್ನ ಸೊಸೆಯ ಆಟ ನಡುವೆಯೇ ನಿಂತಿತು. ಅದನ್ನು ಬರೆಯುತ್ತೇನೆ. ನಾನು ಕಲಿತದ್ದು ಮೂರನೆಯ ಇಯತ್ತೆ. ಸುತ್ತಿ ಬಳಸಿ ಬರೆಯಲು ಬರುವುದಿಲ್ಲ.

ನಾವು ನವಲಗುಂದದವರು, ಜಮಖಾನೆ ನೇಯುವ ಮಂದಿ. ನಮ್ಮ ಮಗ್ಗ ಮಲಗಿರುವುದಿಲ್ಲ, ಗೋಡೆಯ ಹಾಗೆ ನಿಂತಿರುತ್ತದೆ. ಮೇಲೊಂದು ದಿಮ್ಮಿ, ಕೆಳಗೊಂದು ದಿಮ್ಮಿ, ನಡುವೆ ಬಿಗಿದ ಎಳೆಗಳು. ಅದರ ಮುಂದೆ ಇಬ್ಬರು ಹೆಂಗಸರು ಬಾಜೂಬಾಜು ಕೂಡಬೇಕು. ಅರ್ಧ ಜಮಖಾನೆ ಒಬ್ಬಳದು, ಅರ್ಧ ಇನ್ನೊಬ್ಬಳದು. ನನ್ನ ಬಾಜು ಕೂಡುವವಳು ನನ್ನ ಮೈದುನನ ಹೆಂಡತಿ, ನೆಗೆಣ್ಣಿ, ನನ್ನನ್ನು ಅಕ್ಕಾ ಎನ್ನುವ ಬದಲು ಆಪಾ ಎನ್ನುವವಳು. ಇಬ್ಬರೂ ಈ ಮನೆಗೆ ಸೊಸೆಯಾಗಿ ಬಂದವರು, ಇಲ್ಲೇ ಮುದುಕಿಯರಾದವರು. ಚಿತ್ರ ಕಾಗದದ ಮೇಲೆ ಇರುವುದಿಲ್ಲ, ತಲೆಯಲ್ಲಿ ಇರುತ್ತದೆ. ನಾನು ಕೂಗುತ್ತೇನೆ, ಇಬ್ಬರೂ ಹಾಕುತ್ತೇವೆ. ಮನೆಯಲ್ಲಿ ನಾವು ಉರ್ದು, ಕನ್ನಡ ಎರಡನ್ನೂ ಬೆರೆಸಿ ಆಡುತ್ತೇವೆ. ಮಗ್ಗದ ಕೂಗು ಮಾತ್ರ ಕನ್ನಡದ್ದೇ. ಯಾಕೆ ಹಾಗೆ ಎಂದು ನಮ್ಮ ಅತ್ತೆಗೂ ಗೊತ್ತಿರಲಿಲ್ಲ.

ಪಗಡೆ ಜಮಖಾನೆ ಎಂದು ಒಂದು ಇದೆ. ಅದರ ತುಂಬ ಚೌಕಗಳು. ಚೌಕಕ್ಕೆ ನಾವು ಮನಿ ಎನ್ನುತ್ತೇವೆ. ಅದನ್ನು ನೇಯುವಾಗ ನನ್ನ ಕೂಗು ಹೀಗಿರುತ್ತದೆ: "ಕರಿ ಎರಡು ಮನಿ. ಬಿಳಿ ಒಂದು ಬಿಡು. ಬಾಜೂಕ ಸರಿ. ಹೊಡಿ." ಹೊಡಿ ಎಂದ ಕೂಡಲೇ ಇಬ್ಬರೂ ಪಂಜಾ ಎತ್ತಿ ಹೊಡೆಯುತ್ತೇವೆ. ಪಂಜಾ ಎಂದರೆ ಕಬ್ಬಿಣದ ಹಲ್ಲಿನ ಹಣಿಗೆ. ಅದರಿಂದ ಹೊಡೆದರೆ ನೂಲು ಕೆಳಗೆ ಒತ್ತಿ ಕೂಡುತ್ತದೆ.

ಈ ಕೂಗು ಮಾತಲ್ಲ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಿಂದೊಮ್ಮೆ ಒಂದು ಹಿತ್ತಾಳೆ ಕೊಡದ ಸಲುವಾಗಿ ನೆಗೆಣ್ಣಿಗೂ ನನಗೂ ಜಗಳವಾಗಿ ಮಾತು ಬಿಟ್ಟಿದ್ದೆವು. ಹತ್ತಿ ಬಿತ್ತಿದಾಗ ಬಿಟ್ಟ ಮಾತು ಹತ್ತಿ ಬಿಡಿಸುವ ತನಕ ಆಡಲಿಲ್ಲ. ಆದರೆ ಅಷ್ಟೂ ದಿನ ಮಗ್ಗದ ಮುಂದೆ ಬಾಜೂಬಾಜು ಕೂತು ನಾನು ಕೂಗಿದೆ, ಅವಳು ಹಾಕಿದಳು. ಮಾತು ಬಿಟ್ಟದ್ದು ಮುರಿಯಿತು ಎಂದು ನನಗೂ ಅನ್ನಿಸಲಿಲ್ಲ, ಅವಳಿಗೂ ಅನ್ನಿಸಲಿಲ್ಲ. ಉಸಿರಾಡಿದರೆ ಅದು ಮಾತಾಡಿದ ಹಾಗಾಗುತ್ತದೇನು?

ಇನ್ನು ಸೊಸೆಯ ವಿಷಯ. ನಮ್ಮಲ್ಲಿ ಈ ಕಸಬನ್ನು ಹೆಣ್ಣುಮಕ್ಕಳಿಗೆ ಕಲಿಸುವುದಿಲ್ಲ, ಸೊಸೆಗೆ ಕಲಿಸುತ್ತೇವೆ. ಮಗಳು ಕೊಟ್ಟ ಮನೆಗೆ ಹೋಗುವಾಗ ಕಸಬನ್ನೂ ಕಟ್ಟಿಕೊಂಡು ಹೋದಾಳೆಂದು ಹಿರಿಯರು ಮಾಡಿದ ಕಟ್ಟು. ಹಾಗಾಗಿ ಗುಡಗೇರಿಯಿಂದ ಇವಳು ಬಂದಾಗ ನಾನೇ ಕೂಡಿಸಿಕೊಂಡು ಕಲಿಸಿದೆ. ಕೈ ಕೆಟ್ಟದ್ದಲ್ಲ. ಆದರೆ ಈಗ ಹಾಕಬೇಕಾದ ಸಾಲನ್ನು ಬಿಟ್ಟು ಮುಂದೆ ಎಷ್ಟೋ ಸಾಲಿಗೆ ಏನು ಬರುತ್ತದೆ ಎಂದು ಎಣಿಸುತ್ತ ಕೂಡುವಳು. ಮುಂದಿನದನ್ನು ಸರಿಯಾಗಿ ಹೇಳುವಳು, ಕೈಯೊಳಗಿನದನ್ನು ತಪ್ಪುವಳು. ಇದೆಂಥ ರೋಗ ಎಂದು ಕೇಳಿದರೆ, "ಚೆಸ್ ಆಡಿದ್ ಕೈರಿ ಅಮ್ಮಾ" ಎಂದಳು.

ಅವಳ ಅಪ್ಪ ಗುಡಗೇರಿ ಸ್ಟೇಶನ್ನಿನಲ್ಲಿ ಚಹಾ ಮಾರುತ್ತಿದ್ದವನು. ಸಿಗ್ನಲ್ಲಿಗೆ ಕಾಯುತ್ತ ಮಾಲಗಾಡಿ ನಿಂತರೆ ಅದರ ಗಾರ್ಡು ಇಳಿದು ಬಂದು ಅವನ ಜೊತೆ ಚೆಸ್ ಆಡುವನಂತೆ. ಸಿಗ್ನಲ್ ಬಿದ್ದರೆ ಆಟ ಅರ್ಧಕ್ಕೆ. ಆ ಗಾರ್ಡು ಮತ್ತೆ ಬರುವ ತನಕ ಹಲಗೆಯನ್ನು ಯಾರೂ ಮುಟ್ಟುವಂತಿಲ್ಲ. ಮಗಳು ಅದರ ಬಾಜು ಕೂತು ಅರ್ಧ ನಿಂತ ಆಟವನ್ನು ನೋಡಿ ನೋಡಿ ಕಲಿತಳು. ಇಲ್ಲಿಗೆ ಬಂದ ಮೇಲೆ ಎದುರಿಗೆ ಆಡುವವರು ಯಾರೂ ಇಲ್ಲ. ನನ್ನ ಮಗನಿಗೆ ಕುದುರೆ ಯಾವುದು, ಒಂಟೆ ಯಾವುದು ತಿಳಿಯುವುದಿಲ್ಲ. ಹಾಗಾಗಿ ಮಧ್ಯಾಹ್ನ ಭಾಂಡೆ ತೊಳೆದಿಟ್ಟು ಫೋನಿನಲ್ಲಿ ಆಡುವಳು. ಯಾವುದೋ ದೇಶದ ಯಾರೋ ಇನ್ನೊಂದು ಕಡೆ ಇರುತ್ತಾರೆ, ಹೆಸರಿಗೆ ಹೆಸರಲ್ಲ, ಮುಖಕ್ಕೆ ಮುಖವಲ್ಲ.

ಹೋದ ವರ್ಷ ಹೆಂಗಸರದೇ ಒಂದು ಪಂದ್ಯಾವಳಿ ಫೋನಿನ ಮೇಲೆ ನಡೆಯಿತು. ನಾಲ್ಕು ರವಿವಾರ ಆಟ. ಮೇಲೆ ಬಂದವರನ್ನು ಹುಬ್ಬಳ್ಳಿಗೆ ಕರೆದು, ನಿಜವಾದ ಹಲಗೆ ಹಾಕಿ, ಎದುರುಬದುರು ಕೂಡಿಸಿ ಆಡಿಸುತ್ತಾರೆಂದು ಸೊಸೆ ಹೇಳಿದಳು. ಅವಳಿಗೆ ಬೇಕಾದದ್ದು ಅದೇ.

"ಗೆದ್ರ ಏನ್ ಕೊಡ್ತಾರಬೇ?" ಎಂದೆ.

"ಏನರ ಕೊಡ್ಲಿ ಬಿಡ್ಲಿ. ಎದುರಿಗೆ ಒಂದ್ ಮನಶ್ಯಾ ಬೇಕ್ರಿ ಅಮ್ಮಾ. ಮದಿವಿಯಾದ ಮ್ಯಾಲ ಒಮ್ಮಿನೂ ಆಡಿಲ್ಲ ಹಂಗ."

ಆಟಕ್ಕೆ ಮೊದಲು ನಿಯಮ ಓದಿ ಹೇಳಿದಳು. ಒಂದು ಫೋನಿನಲ್ಲಿ ಆಡಬೇಕು. ಇನ್ನೊಂದು ಫೋನನ್ನು ಬಾಜೂಕ್ಕೆ ಇಟ್ಟು, ತನ್ನನ್ನೂ ಆಡುವ ಫೋನನ್ನೂ ಪಂಚನಿಗೆ ತೋರಿಸುತ್ತಿರಬೇಕು. ದನಿಯೂ ಅವನಿಗೆ ಕೇಳಬೇಕು. ಕಿವಿಯಲ್ಲಿ ಏನೂ ಇಟ್ಟುಕೊಳ್ಳಬಾರದು. ಕೋಣೆಯಲ್ಲಿ ಇನ್ನೊಬ್ಬರ ದನಿ ಇರಬಾರದು. ಹೊರಗಿನ ಸಹಾಯ ತೆಗೆದುಕೊಳ್ಳಬಾರದು. ತೆಗೆದುಕೊಂಡರೆ ಹೆಸರು ಹೊಡೆದುಹಾಕುತ್ತಾರೆ, ಫೋನಿನ ಆಟಕ್ಕೂ ಮತ್ತೆಂದೂ ಸೇರಿಸಿಕೊಳ್ಳುವುದಿಲ್ಲ. ಪಂಚ ಎಂದು ನಾನು ಅನ್ನುತ್ತೇನೆ, ಕುಸ್ತಿಯಲ್ಲಿ ಇರುತ್ತಾನಲ್ಲ, ಹಾಗೆ. ಅವಳು ಆರ್ಬಿಟರ್ ಎನ್ನುತ್ತಾಳೆ.

ನನಗೆ ಇದು ವಿಚಿತ್ರವಾಗಿ ಕಂಡಿತು. ನಾವು ಪಗಡೆ ಆಡಿದವರು. ಪಗಡೆಯಲ್ಲಿ ಇಬ್ಬರು ಆಡಿದರೆ ಹತ್ತು ಮಂದಿ ಬಾಯಿ ಹಾಕುತ್ತಾರೆ. ಸುಮ್ಮನೆ ನಿಂತು ನೋಡುವವನ ಮೇಲೇ ಸಂಶಯ, ಇವನು ಯಾವ ಕಡೆಯವನು ಎಂದು.

"ಸಹಾಯ ಅಂದ್ರ ಯಾರ್ ಮಾಡ್ತಾರ? ನಿನಗಿಂತ ಚಲೋ ಆಡಾವ್ರು ಓಣ್ಯಾಗ ಯಾರ್ ಅದಾರ?"

"ಮಂದಿ ಅಲ್ರಿ. ಮಷೀನ್. ಇನ್ನೊಂದ್ ಫೋನಿನ್ಯಾಗ ಆಟ ಹಾಕಿದ್ರ ಮುಂದ ಏನ್ ಆಡ್ಬೇಕಂತ ಅದ ಹೇಳ್ತೈತಿ. ಅದನ್ನ ಸೋಲಸಾವ ಈ ದುನಿಯಾದಾಗ ಯಾರೂ ಇಲ್ಲ."

"ಹಂಗಾದ್ರ ಮಷೀನ್ ಮಷೀನ್ ಆಡ್ಕೊಳ್ಳಿ. ನೀವ್ಯಾಕ ಕುಂಡಿ ಸವಸ್ತೀರಿ?"

"ಪವರ್‌ಲೂಮ್ ಬಂದೈತಂತ ನೀವು ನೇಯೂದು ಬಿಟ್ಟೀರೇನ್ರಿ?"

ನೆಗೆಣ್ಣಿ ನಕ್ಕಳು.

ಮೊದಲ ಎರಡು ರವಿವಾರ ಆಟ ಸುಸೂತ್ರ ನಡೆಯಿತು. ಆಗ ನಾವು ಮಗ್ಗಕ್ಕೆ ಹೊಸ ಎಳೆ ಬಿಗಿಯುತ್ತಿದ್ದೆವು. ಅದಕ್ಕೆ ಕೂಗು ಬೇಕಿಲ್ಲ. ಸೊಸೆ ಗೆದ್ದದ್ದೇ ಹೆಚ್ಚು. ಮೂರನೆಯ ರವಿವಾರದ ಹೊತ್ತಿಗೆ ನೇಯ್ಗೆ ಶುರುವಾಗಿತ್ತು. ನಮ್ಮ ಸೂಟಿ ಶುಕ್ರವಾರ, ರವಿವಾರ ಮಗ್ಗ ನಿಲ್ಲುವುದಿಲ್ಲ. ಫೋನಿಗೆ ರೇಂಜು ಸಿಗುವುದೂ ಆ ಮಗ್ಗದ ಕೋಣೆಯ ಕಿಟಕಿಯ ಹತ್ತಿರ ಮಾತ್ರ. ಸೊಸೆ ಕಿಟಕಿಗೆ ಮುಖ ಮಾಡಿ ಕೂತಳು. ಗಂಡನ ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಬಾಜೂಕ್ಕೆ ಇಟ್ಟಳು. ನಾವು ಅವಳ ಬೆನ್ನ ಹಿಂದೆ ಮಗ್ಗದ ಮುಂದೆ.

"ಮಾತಾಡಬ್ಯಾಡ್ರಿ ಮತ್ತ" ಎಂದಳು.

"ಯಾರ್ ಮಾತಾಡ್ತಾರ?" ಎಂದೆ ನಾನು. ಆಡಲೂ ಇಲ್ಲ. ನೆಗೆಣ್ಣಿ ಹಿಂದಿನ ದಿನದ ಸಂತೆಯ ಸುದ್ದಿ ಹೊಟ್ಟೆಯಲ್ಲಿ ಇಟ್ಟುಕೊಂಡು ಚಡಪಡಿಸುತ್ತಿದ್ದಳು. ನಾನು ಕಣ್ಣು ಬಿಟ್ಟು ಸುಮ್ಮನಾಗಿಸಿದೆ. ಕೂಗು ಮಾತ್ರ ನಡೆದಿತ್ತು. ಅದನ್ನು ನಿಲ್ಲಿಸಬೇಕೆಂದು ನನಗೆ ಹೊಳೆಯಲಿಲ್ಲ. ನಿಲ್ಲಿಸಿರಿ ಎಂದು ಸೊಸೆಗೂ ಹೊಳೆಯಲಿಲ್ಲ. ಅವಳ ಕಿವಿಗೆ ಅದು ಕೇಳಿಸುವುದೇ ಇಲ್ಲ, ಅಷ್ಟು ವರ್ಷ ಅದರಲ್ಲೇ ಇದ್ದಾಳೆ.

ಆಟ ಒಳ್ಳೇ ಬಿಗಿಯಾಗಿತ್ತಂತೆ. ಅವಳದು ಕಪ್ಪು ಕಾಯಿ. ಇದ್ದಕ್ಕಿದ್ದ ಹಾಗೆ ಡಬ್ಬಿಗೆ ಆನಿಸಿದ ಫೋನು ಮಾತಾಡಿತು.

"ಮೇಡಂ, ಆಟ ನಿಲ್ಲಿಸಿ. ಗಡಿಯಾರ ನಿಲ್ಲಿಸ್ತಾ ಇದ್ದೀನಿ. ರೂಮಿನಲ್ಲಿ ಯಾರೋ ನಿಮಗೆ ನಡೆ ಹೇಳಿಕೊಡ್ತಾ ಇದ್ದಾರೆ."

ಸೊಸೆ ಗಾಬರಿಯಾದಳು. "ಇಲ್ರೀ ಸರ್. ಯಾರೂ ಮಾತಾಡಿಲ್ರಿ ಇಲ್ಲೆ."

"ನಾನೇ ಕೇಳಿದೀನಿ. ಕರಿ ಎರಡು ಮನೆ, ಹೊಡಿ ಅಂತ ಒಬ್ಬರು ಹೇಳಿದ್ರು. ಹೇಳಿದ ತಕ್ಷಣ ನಿಮ್ಮ ಕುದುರೆ ಬಿಳಿ ಕಾಯಿ ಹೊಡೀತು. ಧ್ವನಿ ರೆಕಾರ್ಡ್ ಆಗಿದೆ. ನೀವು ಯಾರೂ ಮಾತಾಡಿಲ್ಲ ಅಂತೀರಿ."

ಸೊಸೆ ಹೇಳಿದ್ದು ಸುಳ್ಳಲ್ಲ, ಅವನು ಕೇಳಿದ್ದೂ ಸುಳ್ಳಲ್ಲ. ನಾನು ಮೊಣಕಾಲು ಹಿಡಿದು ಎದ್ದು ಹೋಗಿ ಫೋನಿನ ಮುಂದೆ ನಿಂತೆ.

"ಏನಪಾ, ಏನಾತು?"

"ನೀವು ಯಾರಮ್ಮಾ?"

"ನಾ ಅತ್ತಿ."

"ಅಮ್ಮಾ, ಹೊರಗಿನ ಸಹಾಯ ತಗೋಬಾರದು ಅಂತ ನಿಯಮ ಇದೆ."

"ಹೊರಗಿನವ್ರನ್ನ ನಾ ಒಳಗ ಬಿಟ್ಟಿಲ್ಲ. ಬಾಗಲಾ ಹಾಕೇನಿ. ಒಳಗ ನಾನು, ನಮ್ ನೆಗೆಣ್ಣಿ, ಇಬ್ರ ಅದೀವಿ."

"ಅಂದ್ರೆ ಇವರ ಜೊತೆ ಇನ್ನಿಬ್ಬರು ಇದ್ದೀರಾ?"

"ಮನಿ ಅಂದ ಮ್ಯಾಲ ಮಂದಿ ಇರಂಗಿಲ್ಲೇನು?"

"ನೀವು ಇವರಿಗೆ ಸಹಾಯ ಮಾಡಿದ್ರಾ?"

"ಮಾಡ್ದ ಇರ್ತೀನೇನು? ಮುಂಜಾನೆ ರೊಟ್ಟಿ ನಾನ ಬಡದೀನಿ. ಭಾಂಡೆ ನಾನ ತಿಕ್ಕೀನಿ. ಇಕಿ ಆಟಕ್ಕ ಕುಂದರ್ಲಿ ಅಂತ."

ಸೊಸೆ ಹಣೆಗೆ ಕೈ ಹಚ್ಚಿದಳು. "ಅಮ್ಮಾ, ಸುಮ್ನಿರ್ರಿ."

"ಯಾಕ ಸುಮ್ನಿರ್ಲಿ? ಅಂವಾ ಕೇಳಾಕತ್ತಾನ, ನಾ ಹೇಳಾಕತ್ತೀನಿ."

ಹಿಂದಿನಿಂದ ನೆಗೆಣ್ಣಿ, "ಆಪಾ, ಪಾಪ ಚಾ ಕುಡದಾನೋ ಇಲ್ಲೋ ಕೇಳ್ರಿ, ಸಿಟ್ಟಿಗೆ ಬಂದಾನ" ಎಂದಳು. ಅದೂ ರೆಕಾರ್ಡ್ ಆಗಿರಬೇಕು.

ಪಂಚ ಸಿಟ್ಟಾಗಲಿಲ್ಲ. ಅದು ಅವನ ಒಳ್ಳೇತನ. "ಅಮ್ಮಾ, ನಿಮಗೆ ಚೆಸ್ ಬರುತ್ತಾ?" ಎಂದು ಕೇಳಿದ.

"ಬರಂಗಿಲ್ಲ."

"ಹಾಗಾದ್ರೆ ಕರಿ ಎರಡು ಮನೆ, ಹೊಡಿ ಅಂದ್ರೆ ಏನು?"

"ಜಮಖಾನಿ."

"ಏನು?"

ಆಗ ಸೊಸೆಗೆ ತಿಳಿಯಿತು. ಫೋನು ಎತ್ತಿ ಮಗ್ಗದ ಕಡೆ ತಿರುಗಿಸಿದಳು. ಮೊಳದಷ್ಟು ನೇಯ್ದ ಕರಿ ಬಿಳಿ ಚೌಕಗಳು ಅವನಿಗೆ ಕಂಡಿರಬೇಕು. ಆಮೇಲೆ ಒಂದು ಸಾಲು ನೇಯ್ದು ತೋರಿಸಿರಿ ಎಂದ. ನಾನು ಕೂತು ಕೂಗಿದೆ, ಇಬ್ಬರೂ ಹಾಕಿದೆವು, ಪಂಜಾ ಎತ್ತಿ ಹೊಡೆದೆವು. ಇಷ್ಟಕ್ಕೆ ಮುಗಿಯಿತು ಎಂದುಕೊಂಡೆ. ಮುಗಿಯಲಿಲ್ಲ.

"ನೀವು ಹೇಳೋದು ನಿಜ ಇರಬಹುದು ಅಮ್ಮಾ" ಎಂದ ಅವನು. "ಆದ್ರೆ ಈ ಕೂಗಿನ ಒಳಗೇ ಬೇರೆ ಮಾತು ಸೇರಿಸಿ ಹೇಳೋಕೆ ಆಗಲ್ಲ ಅಂತ ನಾನು ಹೇಗೆ ನಂಬಲಿ?"

ಆ ಪ್ರಶ್ನೆ ನನಗೆ ಬಹಳ ಹಿಡಿಸಿತು. ದಡ್ಡನಾದರೆ ಇಂಥ ಪ್ರಶ್ನೆ ಕೇಳುವುದಿಲ್ಲ. ಯಾಕೆಂದರೆ ನಾವು ಸೇರಿಸಿ ಹೇಳಿದ್ದುಂಟು. ನಮ್ಮ ಅತ್ತೆ ಇದ್ದಾಗ ಅವಳ ಎದುರಿಗೆ ನೆಗೆಣ್ಣಿಗೂ ನನಗೂ ಏನಾದರೂ ಹೇಳಿಕೊಳ್ಳಬೇಕಾದರೆ ಕೂಗಿನಲ್ಲೇ ಹೇಳುತ್ತಿದ್ದೆವು. "ಹಳದಿ ಬಿಡು" ಎಂದರೆ ಮುದುಕಿ ಕೇಳಿಸಿಕೊಳ್ಳುತ್ತಿದ್ದಾಳೆ, ಬಾಯಿ ಮುಚ್ಚು ಎಂದು. ಆ ಜಮಖಾನೆಯಲ್ಲಿ ಹಳದಿಯೇ ಇರುತ್ತಿರಲಿಲ್ಲ. ಇದನ್ನು ಪಂಚನಿಗೆ ಹೇಳಿದರೆ ಅವನಿಗೆ ತಿಳಿವಳಿಕೆ ಬಂದೀತೆಂದು ಬಾಯಿ ತೆರೆದೆ. ನೆಗೆಣ್ಣಿಗೆ ನನ್ನ ಬಾಯಿ ಗೊತ್ತು. ತೊಡೆ ಚಿವುಟಿ, ದೊಡ್ಡ ದನಿಯಲ್ಲಿ "ಹಳದಿ ಬಿಡು!" ಎಂದು ಕೂಗಿದಳು.

ನಾನು ಬಿಟ್ಟೆ.

ಪಂಚ ಹೇಳಿದ್ದು ಇಷ್ಟು: ಆಟವನ್ನು ಹಿರಿಯರು ಕೂತು ನೋಡುತ್ತಾರೆ, ಇವಳು ಆಡಿದ್ದನ್ನು ಮಷೀನಿಗೆ ಹಾಕಿ ತೂಗುತ್ತಾರೆ, ಮಧ್ಯಾಹ್ನದ ಮೇಲೆ ತಿಳಿಸುತ್ತಾರೆ. ಅಲ್ಲಿಯ ತನಕ ಕಾಯಬೇಕು. ಫೋನು ಕಪ್ಪಾಯಿತು.

ಸೊಸೆ ಅಲ್ಲೇ ಕಿಟಕಿಯ ಹತ್ತಿರ ಕೂತಳು. ಊಟಕ್ಕೆ ಏಳಲಿಲ್ಲ. ಅಳುವವಳಲ್ಲ ಅವಳು, ಸೀರೆಯ ಅಂಚಿನ ದಾರ ಒಂದೊಂದೇ ಕೀಳುತ್ತಿದ್ದಳು. ದಾರ ಕಿತ್ತರೆ ನನಗೆ ಮೈ ಉರಿಯುತ್ತದೆ, ಆದರೂ ಸುಮ್ಮನಿದ್ದೆ.

"ಕಳ್ಳಿ ಅಂತ ಹೆಸರ್ ಬರ್ತೈತ್ರಿ" ಎಂದಳು. "ಹುಬ್ಬಳ್ಳಿ ಮಾತು ಹೋಗ್ಲಿ. ಫೋನಿನ್ಯಾಗೂ ಯಾರೂ ನನ್ ಜೋಡಿ ಆಡಂಗಿಲ್ಲ ಇನ್ನ."

ನನಗೆ ಅವಳ ಚಿಂತೆಗಿಂತ ಇನ್ನೊಂದು ಹುಳ ತಲೆ ಕೊರೆಯುತ್ತಿತ್ತು. "ಮಷೀನಿಗೆ ಹಾಕಿ ತೂಗ್ತಾರಂದ್ರ ಹೆಂಗ? ನೀ ಆಡಿದ್ದು, ಅದು ಹೇಳಿದ್ದು ಬ್ಯಾರೆಬ್ಯಾರೆ ಅಂತ ಅದಕ್ಕ ವಾಸನಿ ಬರ್ತೈತೇನು?"

"ಅದು ಎಲ್ಲಾಕ್ಕಿಂತ ಚಲೋ ನಡಿ ಯಾವ್ದಂತ ಹೇಳ್ತೈತ್ರಿ. ನಾ ಎಲ್ಲಾ ಕಡೆ ಅದನ್ನ ಆಡಿದ್ರ ನಾ ಆಡಿದ್ದಲ್ಲ ಅಂತ ಲೆಕ್ಕಾ."

"ಅಂದ್ರ ನೀ ಭಾಳ ಚಲೋ ಆಡಿದ್ರ ಕಳ್ಳಿ?"

"ಹಂಗ ಅನ್ರಿ."

"ಮತ್ತ ನೀ ಹೆಂಗ್ ಆಡಿದಿ?"

ಅವಳು ದಾರ ಕೀಳುವುದನ್ನು ಬಿಟ್ಟು ನೆನಪು ಮಾಡಿಕೊಂಡಳು. ನೆನಪು ಮಾಡಿಕೊಳ್ಳುತ್ತ ಮಾಡಿಕೊಳ್ಳುತ್ತ ಮುಖ ಇನ್ನಷ್ಟು ಸಣ್ಣದಾಯಿತು. "ಒಂದ್ ಕಡೆ ಹೊಲಸ್ ಆಡೇನ್ರಿ" ಎಂದಳು.

ನಾನು ಇನ್ನೂ ಒಂದು ಕೇಳಿದೆ. ಆಡುವಾಗ ಅವಳ ತುಟಿ ಅಲ್ಲಾಡುವುದನ್ನು ನೋಡಿದ್ದೆ. ಏನು ಅಂದುಕೊಳ್ಳುತ್ತೀ ಎಂದೆ. ಅಪ್ಪ ಹೇಳಿದ್ದನ್ನು ಅಂದುಕೊಳ್ಳುತ್ತಾಳಂತೆ: ಕಾಯಿಗೆ ಕೈ ಹಚ್ಚುವ ಮೊದಲು ಕೈಯನ್ನು ತೊಡೆಯ ಕೆಳಗೆ ಇಟ್ಟುಕೋ ಎಂದು. ಅವನು ತೀರಿಹೋಗಿ ಬಹಳ ದಿನವಾಯಿತು.

"ಹಂಗಾದ್ರ ನಿಮ್ಮಪ್ಪನೂ ಕಿವ್ಯಾಗ ಹೇಳಾಕತ್ತಾನ. ಅದಕ್ಕೇನ್ ನಿಯಮ?"

"ಸತ್ತಾವ್ರಿಗೆ ಕ್ಯಾಮೆರಾ ಇಲ್ರಿ" ಎಂದಳು. ಆ ದಿನ ಅವಳು ಸ್ವಲ್ಪ ನಕ್ಕದ್ದು ಆಗಲೇ.

ಊಟದ ಹೊತ್ತು ಮೀರಿದ ಮೇಲೆ ಪಂಚನ ಫೋನು ಬಂತು. ಸೊಸೆ ಸ್ಪೀಕರ್ ಹಾಕಿದಳು. ಆಟವನ್ನು ನೋಡಿದರಂತೆ. ಸಹಾಯ ತೆಗೆದುಕೊಂಡ ಲಕ್ಷಣ ಕಾಣಲಿಲ್ಲವಂತೆ. "ಹೊಡಿ ಅಂತ ಕೂಗಿದ ಆ ನಡೆಯಲ್ಲೇ ನಿಮಗೆ ಎದುರಾಳಿಯ ವಜೀರ ಪುಕ್ಕಟೆ ಸಿಗ್ತಾ ಇತ್ತು. ನೀವು ಅದನ್ನ ಬಿಟ್ಟು ಪ್ಯಾದೆ ಹೊಡೆದಿದ್ದೀರಿ" ಎಂದ. "ಸಹಾಯ ಮಾಡೋರು ಯಾರೂ ಹಾಗೆ ಹೇಳಿಕೊಡಲ್ಲ."

ಸೊಸೆಗೆ ಹೆಸರು ಉಳಿದದ್ದಕ್ಕೆ ಸಂತೋಷವಾಗಬೇಕಿತ್ತು. ಎಲ್ಲಕ್ಕಿಂತ ದೊಡ್ಡ ಕಾಯಿಯಾದ ವಜೀರನನ್ನು ಬಿಟ್ಟೆನೆಂದು ಹಣೆ ಹಣೆ ಬಡಿದುಕೊಂಡಳು. ತಪ್ಪು ಮಾಡಿದ್ದಕ್ಕೆ ಮರ್ಯಾದೆ ಉಳಿಯಿತು ಎಂದರೆ ಆಡುವವರಿಗೆ ಅದು ಬೈದ ಹಾಗೆಯೇ. ನನಗೆ ಅರ್ಥವಾಗುತ್ತದೆ. ಒಮ್ಮೆ ಜಮಖಾನೆ ಕೊಳ್ಳಲು ಬಂದ ಪಟ್ಟಣದ ಹೆಂಗಸು ನಾನು ತಪ್ಪಿದ ಒಂದು ಸಾಲನ್ನು ಸವರಿ ಸವರಿ, ಕೈಮಗ್ಗದ ಚಂದ ಇದೇ ನೋಡಿ ಎಂದಿದ್ದಳು. ಅವಳ ಕೈ ಸರಿಸಿ ಆ ಜಮಖಾನೆ ಮಡಚಿ ಒಳಗಿಟ್ಟೆ. ನಾನು ಚಂದಕ್ಕೆಂದು ತಪ್ಪುವವಳಲ್ಲ.

ಆದರೆ ಪಂಚ ಇನ್ನೂ ಒಂದು ಹೇಳಿದ. ಕೋಣೆಯಲ್ಲಿ ಇನ್ನೊಬ್ಬರ ದನಿ ಇರಬಾರದು ಎಂಬುದು ನಿಯಮ. ಅದು ಮುರಿದದ್ದಂತೂ ನಿಜ. ಹಾಗಾಗಿ ಆ ಆಟ ರದ್ದು. ಎದುರಿನವಳು ಒಪ್ಪಿದ್ದಾಳೆ, ಸಂಜೆ ಐದಕ್ಕೆ ಹೊಸದಾಗಿ ಆಡಬೇಕು, ಕೋಣೆಯಲ್ಲಿ ಒಬ್ಬಳೇ ಇರಬೇಕು.

"ನಾವ್ ಎಲ್ಲಿ ಹೋಗೂಣು?" ಎಂದಳು ನೆಗೆಣ್ಣಿ.

"ಹೊರಗ" ಎಂದೆ.

ಐದಕ್ಕೆ ಬಾಗಿಲು ಮುಚ್ಚಿಕೊಂಡು ಇಬ್ಬರೂ ಮುಂದಿನ ಕಟ್ಟೆಯ ಮೇಲೆ ಕೂತೆವು. ಒಳಗೆ ಸದ್ದಿಲ್ಲ. ಸದ್ದಿಲ್ಲದ ಆಟವನ್ನು ಹೊರಗಿನಿಂದ ಕಾಯುವುದು ಬಹಳ ಕಷ್ಟ. ಕುಸ್ತಿಯಾದರೆ ಮಂದಿಯ ಕೇಕೆಯಿಂದ ತಿಳಿಯುತ್ತದೆ, ಪಗಡೆಯಾದರೆ ಕವಡೆಯ ಸಪ್ಪಳದಿಂದ. ಓಣಿಯಲ್ಲಿ ಉಳ್ಳಾಗಡ್ಡಿ ಮಾರುವವನು ಗಾಡಿಗೆ ಮೈಕಿನ ಭೋಂಗಾ ಕಟ್ಟಿಕೊಂಡು ಒದರುತ್ತ ಬಂದ. ನೆಗೆಣ್ಣಿ ಓಡಿ ಹೋಗಿ ಅವನ ಬಾಯಿ ಮುಚ್ಚಿಸಿದಳು.

"ಯಾಕಬೇ ಕಾಕೂ, ಯಾರರ ಹೋಗ್ಯಾರೇನು?" ಎಂದು ಅವನು ಪಿಸುಗುಟ್ಟಿದ.

"ಇಲ್ಲೋ. ಸೊಸಿ ಆಟಾ ಆಡಾಕತ್ತಾಳ."

ಅವನು ನಮ್ಮಿಬ್ಬರ ಮುಖ ನೋಡಿ, ಭೋಂಗಾ ಬಂದ್ ಮಾಡಿ, ಗಾಡಿ ತಳ್ಳಿಕೊಂಡು ಹೋದ. ಮುಂದಿನ ಓಣಿಯಲ್ಲಿ ಏನು ಹೇಳಿದನೋ, ಎರಡು ದಿನ ನಮ್ಮ ಮನೆಗೆ ವಿಚಾರಿಸಲು ಮಂದಿ ಬಂದರು.

ಸೊಸೆ ಬಾಗಿಲು ತೆರೆದಳು. ಕೇಳುವ ಅವಶ್ಯಕತೆ ಇರಲಿಲ್ಲ.

"ಸೋತಿ?"

"ಸೋತೆ." ನಮ್ಮ ನಡುವೆ ಬಂದು ಕೂತಳು. "ಎದುರಿನಾಕಿ ಚಲೋ ಆಡ್ಲಿಲ್ರಿ. ನನಗ ತಲಿ ಓಡ್ಲಿಲ್ಲ. ಸದ್ದಿಲ್ದ ಹೊತ್ತಿನ್ಯಾಗ ಎಲ್ಲೆಲ್ಲೋ ಹೋಗ್ತಿತ್ತು ಮನಸ. ನೀವು ಪಂಜಾ ಹೊಡದ್ರ ಒಂದ್ ನಡಿ ಮುಗದಂಗ ಆಗ್ತಿತ್ತು, ಮುಂದಿಂದಕ್ಕ ಹೋಗ್ತಿದ್ದೆ. ಇವತ್ತ ಒಂದರಾಗ ಸಿಕ್ಕೊಂಡ ಕುಂತೆ."

ನಾನು ಯೋಚನೆ ಮಾಡಿದೆ. ಮಾಡಿದಷ್ಟೂ ನನಗೆ ಸ್ಪಷ್ಟವಾಯಿತು. "ಹಂಗಾದ್ರ ನಾವು ಸಹಾಯ ಮಾಡಿದ್ದು ಖರೇನ ಆತು. ಆ ಪಂಚ ಹೇಳಿದ್ದು ಸುಳ್ಳಲ್ಲ."

"ನಡಿ ಹೇಳಿಕೊಟ್ಟಿಲ್ಲಲ್ರಿ ನೀವು."

"ನಡಿ ಹೇಳಿಲ್ಲ. ನಡಸೀವಿ."

ಇದನ್ನು ಪಂಚನಿಗೆ ಫೋನು ಮಾಡಿ ತಿಳಿಸಬೇಕೆಂದೆ. ತಪ್ಪೊಪ್ಪಿಗೆಗೆ ಅಲ್ಲ. ಅವನಿಗೂ ಇದು ತಿಳಿಯಬೇಕು, ಅವನ ನಿಯಮದಲ್ಲಿ ಇದಕ್ಕೊಂದು ಹೆಸರು ಇದೆಯೋ ಇಲ್ಲವೋ ನನಗೂ ತಿಳಿಯಬೇಕು. ಅತ್ತೆ ಸೊಸೆ ಇಬ್ಬರಲ್ಲಿ ಫೋನು ಮೊದಲು ಯಾರ ಕೈಗೆ ಸಿಕ್ಕಿತೆಂದು ನೀವೇ ತಿಳಿಯಿರಿ. ಅವಳು ಅದನ್ನು ಕುಪ್ಪಸದಲ್ಲಿ ಇಟ್ಟುಕೊಂಡಳು.

ಉಳಿದದ್ದು ಒಂದು ರವಿವಾರ. ಅದರಲ್ಲಿ ಗೆದ್ದರೆ ಹುಬ್ಬಳ್ಳಿ, ಇಲ್ಲವಾದರೆ ಇಲ್ಲ. ಮರುದಿನ ಮಧ್ಯಾಹ್ನ ಸೊಸೆ ಮಗ್ಗದ ಮುಂದೆ ಬಂದು ನಿಂತಳು. ಕೂಗದೆ, ಹೊಡೆಯದೆ ಒಂದು ತಾಸು ಸುಮ್ಮನಿರಬೇಕು, ದಿನಾ, ತಾನು ಸದ್ದಿಲ್ಲದೆ ಆಡುವುದನ್ನು ಕಲಿಯಬೇಕು ಎಂದಳು.

"ಮಗ್ಗ ನಿಲ್ಲಸ್ಬೇಕ?"

"ಹೌದ್ರಿ."

"ನಮ್ಮತ್ತಿ ಹೆಣಾ ಹೋದ ದಿನಾನೂ ಮಧ್ಯಾಹ್ನದ ಮ್ಯಾಲ ಮಗ್ಗ ನಡದೈತಿ."

"ಗೊತ್ತೈತ್ರಿ. ಒಂದ ತಾಸು."

ನಿಲ್ಲಿಸಿದೆವು. ನಾನು ಬಾಜೂಕ್ಕೆ ಕೂತು ಅವಳನ್ನೇ ನೋಡುತ್ತಿದ್ದೆ. ಮೊದಲು ಆ ಮೌನದಲ್ಲಿ ಅವಳು ತಿಗಣೆ ಕಡಿದವಳ ಹಾಗೆ ಹೊರಳಾಡುತ್ತಿದ್ದಳು. ಕಿಟಕಿ ನೋಡುವಳು, ಉಗುರು ನೋಡುವಳು, ಸೋಲುವಳು. ಆಮೇಲಾಮೇಲೆ ಒಂದು ಉಪಾಯ ಕಂಡುಕೊಂಡಳು. ಒಂದು ನಡೆ ಆಡಿದ ಕೂಡಲೇ ಹೆಬ್ಬೆರಳನ್ನು ತೊಡೆಗೆ ಒತ್ತುವಳು. ನಾನು ಅದನ್ನು ಬಹಳ ಹೊತ್ತು ನೋಡಿದ ಮೇಲೆ ಗುರುತಿಸಿದೆ. ಅವಳು ಒಳಗೇ ಪಂಜಾ ಹೊಡೆಯುತ್ತಿದ್ದಳು.

ಕಡೆಯ ರವಿವಾರ ನಾವಿಬ್ಬರೂ ಹೇಳಿಸಿಕೊಳ್ಳದೆ ಕಟ್ಟೆಗೆ ಹೋದೆವು. ಬಾಗಿಲು ತೆರೆದಾಗ ಸೊಸೆ ನೇರ ಒಲೆಯ ಕಡೆ ಹೋಗಿ ಚಹಾಕ್ಕೆ ಇಟ್ಟಳು. ಮೂರು ಕಪ್ಪು ತಂದು ಕೊಟ್ಟ ಮೇಲೆ, "ವಜೀರ ಸಿಕ್ತು. ಈ ಸಲ ಬಿಡ್ಲಿಲ್ರಿ" ಎಂದಳು.

ಹುಬ್ಬಳ್ಳಿಗೆ ಒಬ್ಬಳೇ ಹೋದಳು. ಜೊತೆಗೆ ಬಂದವರು ಹೊರಗೆ ನಿಲ್ಲಬೇಕಂತೆ. ನಿಲ್ಲುವುದಕ್ಕೆಂದು ಬಸ್ಸಿನಲ್ಲಿ ಕುಲುಕಾಡುತ್ತ ಹೋಗುವವಳು ನಾನಲ್ಲ. ಸಂಜೆಯ ಬಸ್ಸಿಗೆ ತಿರುಗಿ ಬಂದಳು. ಕೆಲವು ಗೆದ್ದಿದ್ದಳು, ಕೆಲವು ಸೋತಿದ್ದಳು. ನಾನು ಕೇಳಿದ್ದು ಅದನ್ನಲ್ಲ.

"ಎದುರಿಗೆ ಮನಶ್ಯಾ ಬೇಕು ಅಂತಿದ್ದೆಲ್ಲ. ಹೆಂಗಿತ್ತು?"

ಅವಳು ಚಪ್ಪಲಿ ಬಿಡುತ್ತ ನಿಂತು ನಕ್ಕಳು. ಮೊದಲ ಆಟದಲ್ಲಿ ಎದುರಿಗೆ ಕೂತವಳು ದೊಡ್ಡ ಹುದ್ದೆಯ ಹೆಂಗಸಂತೆ, ಮುಖದ ಮೇಲೆ ಒಂದು ಗೆರೆಯೂ ಅಲುಗುವುದಿಲ್ಲವಂತೆ. ಆದರೆ ಟೇಬಲ್ಲಿನ ಕೆಳಗೆ ಅವಳ ಕಾಲು ಕುಣಿಯುತ್ತಿತ್ತು. ತನಗೆ ಅಡಚಣೆಯಾದಾಗೆಲ್ಲ ಜೋರಾಗಿ ಕುಣಿಯುತ್ತಿತ್ತು. ಯಾವ ಕಾಯಿಯ ಮೇಲೆ ಏರಿ ಹೋದರೆ ಅವಳು ಹೆದರುತ್ತಾಳೆ ಎಂದು ಆ ಕಾಲೇ ಹೇಳುತ್ತಿತ್ತು.

"ಮತ್ತ ಅದು ಸಹಾಯ ಅಲ್ಲೇನು?" ಎಂದೆ.

"ನಾನೂ ಅದನ್ನ ವಿಚಾರ ಮಾಡ್ದೆ. ಪಂಚನ ಕೇಳ್ಬೇಕು ಅನ್ನಿಸ್ತು."

"ಕೇಳಿದಿ?"

"ಇಲ್ರಿ. ಕಾಲ್ ನೋಡಿ ಆಡ್ದೆ, ಗೆದ್ದೆ." ಚಪ್ಪಲಿಯನ್ನು ಗೋಡೆಗೆ ಸರಿಸಿದಳು. "ಫೋನಿನ್ಯಾಗ ಆಡಾವ್ರಿಗೆ ಕಾಲ್ ಇರಂಗಿಲ್ರಿ ಅಮ್ಮಾ."